ಮನೆಗಾಡಿಯ ಮೈಲಿಗೆ

"ಗುರುಗಳೇ, ಒಳಗಿನ ಕೊಳೆ ಪೂರ್ತಿ ಹೋಗದೆ ಹೊರಗಿನ ಕೆಲಸಕ್ಕೆ ಹೊರಡಬಹುದೇ?" ಎಂದು ಸೋಮಲಿಂಗ ಕೇಳಿದ.

ಪ್ರಶ್ನೆ ಹೊಸದಲ್ಲ. ನಾಲ್ಕು ವರ್ಷಗಳಿಂದ, ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಅವನು ಇದನ್ನು ಕೇಳುತ್ತಿದ್ದ. ಮಠದ ಶಾಲೆಯೊಂದು ಗಡಿಯ ಹಳ್ಳಿಯಲ್ಲಿತ್ತು. ಅಲ್ಲಿಗೆ ಮೇಷ್ಟ್ರು ಬೇಕಾಗಿತ್ತು. ಸೋಮಲಿಂಗನೇ ಹೋಗಬೇಕೆಂದು ಮೊದಲ ವರ್ಷವೇ ನಿಶ್ಚಯವಾಗಿತ್ತು. ಆ ವರ್ಷ ಅವನಿಗೆ ತನ್ನೊಳಗೆ ಕೋಪ ಕಂಡಿತು, ಹೋಗಲಿಲ್ಲ. ಎರಡನೆಯ ವರ್ಷ ಅಸೂಯೆ ಕಂಡಿತು. ಮೂರನೆಯ ವರ್ಷ ಧ್ಯಾನಕ್ಕೆ ಕೂತರೆ ತೂಕಡಿಕೆ. ಈ ವರ್ಷ ಕಂಡದ್ದು, ತಾನು ಶುದ್ಧನಾಗುತ್ತಿದ್ದೇನೆಂಬ ಸಣ್ಣ ಜಂಬ. ಅದನ್ನು ತೆಗೆಯಲು ಇನ್ನೊಂದು ವರ್ಷ ಸಾಕೆಂದು ಅವನ ಅಂದಾಜು. ಅಷ್ಟರವರೆಗೆ ಆ ಶಾಲೆಯ ಮಕ್ಕಳಿಗೆ ಬಿಸಿಯೂಟದ ಅಡುಗೆಯಾಕೆಯೇ ಮಗ್ಗಿ ಹೇಳಿಕೊಡುತ್ತಿದ್ದಳು. ಹನ್ನೆರಡರ ಮಗ್ಗಿಯವರೆಗೆ ಆಕೆಗೆ ಬರುತ್ತಿತ್ತು.

ಗುರುಗಳು ಕಡಲೆಕಾಯಿ ಸುಲಿಯುತ್ತಿದ್ದರು. ಒಂದು ಹಿಡಿ ಅವನ ಮುಂದೆಯೂ ಸುರಿದರು.

"ಸುಲಿ. ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅಂಗಡಿಯ ಬಾಗಿಲು ತೆಗೆದ ಕೂಡಲೇ ಅವನು ಮಾಡುತ್ತಿದ್ದ ಮೊದಲ ಕೆಲಸ ಪಾತ್ರೆ ಉಜ್ಜುವುದು. ಹಿತ್ತಾಳೆಗೆ ಹುಣಸೆಹಣ್ಣು, ತಾಮ್ರಕ್ಕೆ ನಿಂಬೆಹೋಳು ಮತ್ತು ಉಪ್ಪು, ಸ್ಟೀಲಿಗೆ ಮೆತ್ತನೆಯ ಬಟ್ಟೆ. ಗಿರಾಕಿ ಒಂದು ಚೊಂಬನ್ನು ಮುಟ್ಟಿ ನೋಡಿ ಕೊಳ್ಳದೆ ಹೋದರೆ, ಆ ಗಿರಾಕಿ ಬೀದಿಯ ತಿರುವು ದಾಟುವ ಮೊದಲೇ ಚೊಂಬಿನ ಮೇಲಿನ ಬೆರಳ ಗುರುತು ಮಾಯವಾಗಿರುತ್ತಿತ್ತು. ಮೂವತ್ತೆಂಟು ವರ್ಷ ಹೀಗೆ ನಡೆಯಿತು. ಆ ಊರಿನಲ್ಲಿ ಅವನಷ್ಟು ಪಾತ್ರೆ ಉಜ್ಜಿದ ಗಂಡಸು ಇನ್ನೊಬ್ಬನಿರಲಿಲ್ಲ. ಆದರೆ ತಾನು ಉಂಡ ತಟ್ಟೆಯನ್ನು ಅವನು ಒಂದು ದಿನವೂ ತೊಳೆದಿರಲಿಲ್ಲ. ಅದನ್ನು ಹೆಂಡತಿ ತೊಳೆಯುತ್ತಿದ್ದಳು.

ಮದುವೆಯಾದ ವರ್ಷ ಅವನು ಹೆಂಡತಿಗೆ ಮಾತು ಕೊಟ್ಟಿದ್ದ.

"ಬೇಸಿಗೆ ಬರಲಿ, ನಿನಗೆ ಸಮುದ್ರ ತೋರಿಸ್ತೀನಿ."

ಯಾವ ಬೇಸಿಗೆ ಎಂದು ಹೇಳಿರಲಿಲ್ಲ. ಬೇಸಿಗೆಯೆಂದರೆ ಮದುವೆಯ ಕಾಲ, ಮದುವೆಯ ಕಾಲವೆಂದರೆ ಪಾತ್ರೆ ಮಾರಾಟದ ಕಾಲ. ಹೆಂಡತಿ ಬಯಲುಸೀಮೆಯವಳು. ಅವಳು ಕಂಡಿದ್ದ ದೊಡ್ಡ ನೀರೆಂದರೆ ಊರ ಕೆರೆ, ಅದೂ ತುಂಬಿದ ವರ್ಷಗಳಲ್ಲಿ. ಅವಳು ಜಗಳವಾಡಲಿಲ್ಲ. ವರ್ಷಕ್ಕೊಮ್ಮೆ, ಹೋಳಿಗೆ ಬಡಿಸುವಾಗ, "ಸಮುದ್ರ ಇನ್ನೂ ಅಲ್ಲೇ ಇದೆಯಂತೆ" ಎನ್ನುತ್ತಿದ್ದಳು. ಅಷ್ಟೆ.

ಕೊನೆಗೆ ವ್ಯಾಪಾರಿ ಅಂಗಡಿಯನ್ನು ತಮ್ಮನಿಗೆ ವಹಿಸಿದ. ಒಂದು ವ್ಯಾನು ಕೊಂಡು, ಗಾಡಿಗಳಿಗೆ ಮೈ ಕಟ್ಟುವ ಮೇಸ್ತ್ರಿಯ ಕೈಗೆ ಕೊಟ್ಟು ಮನೆಗಾಡಿ ಮಾಡಿಸಿದ. ಗಾಡಿಯೇ ಮನೆ. ಒಳಗೆ ಇಬ್ಬರು ಮಲಗುವ ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಮಡಚುವ ಮೇಜು. ಹೊರಗೆ ಹಾಲಿನಂಥ ಬಿಳಿ ಬಣ್ಣ. ಚಾವಣಿಯ ಮೇಲೆ ಸಾಮಾನು ಕಟ್ಟಲು ಕಂಬಿಯ ಕ್ಯಾರಿಯರ್, ಹಿಂದೆ ಹತ್ತಲು ಏಣಿ. ಸಂಕ್ರಾಂತಿ ಕಳೆದ ವಾರ ಗಾಡಿ ಮನೆಯ ಮುಂದೆ ಬಂದು ನಿಂತಿತು.

ಹೆಂಡತಿ ಒಳಗೆ ಹೋಗಿ ಮಂಚದ ಮೇಲೆ ಕೂತಳು, ಒಲೆ ಹಚ್ಚಿ ಆರಿಸಿದಳು, ಕಿಟಕಿ ತೆರೆದು ಮುಚ್ಚಿದಳು. ಹೊರಗೆ ಬಂದು, "ಯಾವಾಗ ಹೊರಡೋದು?" ಎಂದಳು.

"ಮಳೆಗಾಲ ಹಿಡಿಯೋಕೆ ಮುಂಚೆ ಹೋಗಿಬಿಡೋಣ. ಆಮೇಲೆ ಸಮುದ್ರಕ್ಕೆ ಯಾರನ್ನೂ ಇಳಿಯೋಕೆ ಬಿಡಲ್ಲ" ಎಂದ ವ್ಯಾಪಾರಿ.

ಮುಂದೆ ನಾಲ್ಕು ತಿಂಗಳಿತ್ತು. ಸಮುದ್ರಕ್ಕೆ ಒಂದು ಹಗಲಿನ ದಾರಿ.

ಹೊರಡಲು ಶುಕ್ರವಾರ ಗೊತ್ತಾಯಿತು. ಗಾಡಿಗೆ ಹೂವಿನ ಹಾರ ಹಾಕಿದರು, ಊದುಬತ್ತಿ ಬೆಳಗಿದರು, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟರು. ಇನ್ನು ಗಾಡಿ ಅವುಗಳ ಮೇಲೆ ಹಾಯ್ದು ಮುಂದೆ ಹೋಗುವುದೊಂದೇ ಬಾಕಿ. ಅಷ್ಟರಲ್ಲಿ ವ್ಯಾಪಾರಿಗೆ ಬಾಗಿಲ ಮೇಲೆ ಒಂದು ಕೈಗುರುತು ಕಂಡಿತು. ಹೂವು ಕಟ್ಟುವಾಗ ಅವನ ಕೈಯೇ ತಗುಲಿತ್ತು.

"ಒಂದು ನಿಮಿಷ" ಎಂದು ಬಕೆಟ್ಟು ತಂದ.

ಕೈಗುರುತು ಒರೆಸಿದಾಗ ಆ ಜಾಗ ಸುತ್ತಲಿನದಕ್ಕಿಂತ ಹೆಚ್ಚು ಬಿಳಿಯಾಯಿತು. ಸುತ್ತಲನ್ನೂ ಅದರ ಸಮಕ್ಕೆ ತರಬೇಕಾಯಿತು. ಬಾಗಿಲು ಮುಗಿಯುವಾಗ ಇಡೀ ಬದಿ ಮಂಕಾಗಿ ಕಂಡಿತು. ಬದಿ ಮುಗಿಯುವಾಗ ಹತ್ತೂವರೆ ದಾಟಿ ರಾಹುಕಾಲ ಬಂದಿತ್ತು.

"ಮುಂದಿನ ಶುಕ್ರವಾರ" ಎಂದ.

ಮುಂದಿನ ಶುಕ್ರವಾರ ಗಾಜಿನ ಮೇಲೆ ನೀರಿನ ಕಲೆ ಇತ್ತು. ಅದರ ಮುಂದಿನ ಶುಕ್ರವಾರ ಚಕ್ರದ ತಟ್ಟೆಯ ಮೇಲೆ ಧೂಳು. ಗಾಡಿ ಬೀದಿಯಲ್ಲಿ ನಿಂತಿದ್ದುದರಿಂದ ಧೂಳಿಗೇನೂ ಬರವಿರಲಿಲ್ಲ. ವ್ಯಾಪಾರಿ ದಿನವೂ ಬೆಳಿಗ್ಗೆ ಎರಡು ಬಕೆಟ್ಟು ನೀರು ತಂದು ತೊಳೆಯುತ್ತಿದ್ದ. ತೊಳೆದು ಬಟ್ಟೆ ಹಿಂಡಿದರೆ, ಬಕೆಟ್ಟಿನ ನೀರು ನಲ್ಲಿಯಿಂದ ಹಿಡಿದಾಗ ಹೇಗಿತ್ತೋ ಹಾಗೇ ಇರುತ್ತಿತ್ತು. ಅದನ್ನು ತುಳಸಿಗಿಡಕ್ಕೆ ಹಾಕುತ್ತಿದ್ದ. ತುಳಸಿ ಚೆನ್ನಾಗಿ ಬೆಳೆಯಿತು.

ಹೆಂಡತಿ ಪ್ರತಿ ಶುಕ್ರವಾರ ಚಕ್ರಗಳ ಮುಂದಿನ ನಿಂಬೆಹಣ್ಣು ಆರಿಸಿಕೊಂಡು ಬಂದು ಚಿತ್ರಾನ್ನ ಕಲೆಸುತ್ತಿದ್ದಳು.

"ಚಕ್ರಕ್ಕೆ ಇಟ್ಟದ್ದನ್ನ ತಿನ್ನಬಾರದು ಕಣ್ರೀ" ಎಂದಳು ಪಕ್ಕದ ಮನೆಯಾಕೆ.

"ಚಕ್ರ ಮುಟ್ಟಿದ್ದರೆ ತಾನೇ!" ಎಂದಳು ಹೆಂಡತಿ.

ಶಿವರಾತ್ರಿಯ ಹೊತ್ತಿಗೆ ಅವಳು ವಾರವೆಲ್ಲ ಬೆಳಗಿನ ಹೊತ್ತು ಎಲ್ಲಿಗೋ ಹೋಗಿಬರತೊಡಗಿದಳು. ಗಾಡಿಯ ಆಚೆಯ ಬದಿಯಲ್ಲಿದ್ದ ವ್ಯಾಪಾರಿಗೆ ಅದು ಕಾಣಲಿಲ್ಲ.

ಯುಗಾದಿಯ ಮಾರನೆಯ ದಿನ ವ್ಯಾಪಾರಿ ಮೊದಲ ಸಲ ಚಾವಣಿಯ ಮೇಲೆ ಹತ್ತಿದ. ಹತ್ತಿ ನೋಡಿದವನೇ ಎದೆ ಹಿಡಿದುಕೊಂಡ. ಇಷ್ಟು ದಿನ ತಾನು ಬದಿಗಳನ್ನು ಉಜ್ಜುತ್ತಿದ್ದಾಗ ನೆತ್ತಿಯ ಮೇಲೆ ಇಂಥದ್ದು ಇತ್ತೇ! ಬಿಳಿಯ ತಗಡಿನ ಉದ್ದಕ್ಕೂ ಅಡ್ಡಕ್ಕೂ ಬೆರಳಗಲದ ಕಪ್ಪು ಗೆರೆಗಳು. ಎರಡು ತಗಡು ಕೂಡುವ ಕಡೆಯಲ್ಲೆಲ್ಲ ಕಪ್ಪು. ಗಾಳಿಕಿಂಡಿಯ ಸುತ್ತ ಕಪ್ಪು. ಏಣಿಯ ಬುಡದಲ್ಲೂ ಕಪ್ಪು.

ಪಾತ್ರೆಯವನಿಗೆ ಕಪ್ಪೆಂದರೆ ಒಂದೇ. ಮಸಿ.

ಹುಣಸೆಹಣ್ಣು ಬಂತು. ತೆಂಗಿನ ನಾರು ಬಂತು. ಮಸಿ ಜಗ್ಗಲಿಲ್ಲ. ಕರಟದ ಚೂರು ಬಂತು, ಕೊನೆಗೆ ಹಳೆಯ ಈಳಿಗೆಮಣೆಯ ಅಲಗು ಬಂತು. ಮೂರು ದಿನ ಅವನು ಚಾವಣಿಯ ಮೇಲೆ ಮಂಡಿಯೂರಿ ಕೆರೆದ. ಮೂರನೆಯ ದಿನ ಸಂಜೆ ಚಾವಣಿ ಹೊಸ ತಟ್ಟೆಯ ಹಾಗೆ ಬೆಳ್ಳಗಾಯಿತು. ಹೆಂಡತಿಯನ್ನು ಕರೆದು ಏಣಿ ಹತ್ತಿಸಿ ತೋರಿಸಿದ.

"ಈಗ ಹೊರಡಬಹುದು!" ಎಂದ.

"ನಿಜವಾಗಿ?"

"ಶುಕ್ರವಾರ. ಮಾತೆಂದರೆ ಮಾತು."

ಗುರುವಾರ ಮಧ್ಯಾಹ್ನ ಮಳೆ ಬಂತು. ಮಳೆಗಾಲದ ಮಳೆಯಲ್ಲ, ಬೇಸಿಗೆಯ ನಡುವೆ ಗುಡುಗಿ ಅರ್ಧ ಗಂಟೆ ಸುರಿದು ಹೋಗುವ ಮಳೆ. ವ್ಯಾಪಾರಿ ಮನೆಗಾಡಿಯ ಮಂಚದ ಮೇಲೆ ಸುಖವಾಗಿ ಮಲಗಿದ್ದ. ಮೂಗಿನ ಮೇಲೆ ಒಂದು ಹನಿ ಬಿತ್ತು. ಒರೆಸಿಕೊಂಡ. ಕಿವಿಯೊಳಗೆ ಇನ್ನೊಂದು ಬಿತ್ತು. ಎದ್ದು ಕೂರುವಷ್ಟರಲ್ಲಿ ಹಾಸಿಗೆ, ದಿಂಬು, ಮಡಚುವ ಮೇಜು ಎಲ್ಲ ನೆಂದಿದ್ದವು. ಹೆಂಡತಿ ಮನೆಯೊಳಗಿನಿಂದ ಎಂಟು ಪಾತ್ರೆ ತಂದು ಸೋರುವ ಕಡೆಗಳಲ್ಲಿ ಇಟ್ಟಳು. ಪಾತ್ರೆಗಳೆಲ್ಲ ಫಳಫಳ ಹೊಳೆಯುತ್ತಿದ್ದವು.

ಗಾಡಿಗೆ ಮೈ ಕಟ್ಟಿದ ಮೇಸ್ತ್ರಿ ಬಂದ. ಏಣಿ ಹತ್ತಿದ. ಬಹಳ ಹೊತ್ತು ಕೆಳಗೆ ಇಳಿಯಲಿಲ್ಲ. ಮೇಲಿನಿಂದ ನಗುವ ಸದ್ದು ಕೇಳಿಸಿತು.

"ಯಜಮಾನ್ರೇ, ಅದು ಮಸಿ ಅಲ್ಲ, ಅಂಟು. ತಗಡು ತಗಡು ಕೂಡೋ ಕಡೆ ನೀರು ಇಳೀಬಾರದು ಅಂತ ನಾನೇ ಎರಡು ಸಲ ಬಳಿದಿದ್ದೆ. ನೀವು ಕೊಳೆ ತೆಗೀತೀನಿ ಅಂತ ಸೂರನ್ನೇ ತೆಗೆದಿದ್ದೀರಲ್ಲ!"

"ಕಪ್ಪಗಿತ್ತು" ಎಂದ ವ್ಯಾಪಾರಿ.

"ನನ್ನ ಮೀಸೆನೂ ಕಪ್ಪಗಿದೆ. ಅದನ್ನೂ ಉಜ್ಜಿಬಿಡಿ" ಎಂದು ಮೇಸ್ತ್ರಿ ಒಳಗೆ ಬಗ್ಗಿ ಮೀಟರು ನೋಡಿದ. "ಹನ್ನೊಂದು ಕಿಲೋಮೀಟರ್. ನಮ್ಮ ಶೆಡ್ಡಿನಿಂದ ನಿಮ್ಮ ಮನೆಗೆ ಹನ್ನೊಂದು. ಆಮೇಲೆ ಎಲ್ಲಿಗೂ ಹೋಗಿಲ್ವಾ?"

"ಓಡಿದ ಗಾಡಿಗೆ ಒಂದೊಂದು ಮೈಲಿಗೆ ಇಷ್ಟು ಅಂತ ಮೈಲಿಗೆ ಅಂಟುತ್ತೆ" ಎಂದಳು ಹೆಂಡತಿ, ಒದ್ದೆ ದಿಂಬನ್ನು ಬಿಸಿಲಿಗೆ ಹಾಕುತ್ತ. "ಇದು ಮನೆಗೆ ಬಂದಮೇಲೆ ಒಂದು ಮೈಲಿಯೂ ಓಡಿಲ್ಲ. ಇವರಿಗೆ ದಿನಾ ಎರಡು ಬಕೆಟ್ಟು ಮೈಲಿಗೆ ಎಲ್ಲಿಂದ ಸಿಗುತ್ತೋ!"

ಮೇಸ್ತ್ರಿ ಮತ್ತೆ ಅಂಟು ಬಳಿದ. ಹೋಗುವಾಗ ವ್ಯಾಪಾರಿಗೆ ಬುದ್ಧಿ ಹೇಳಿದ. "ತೊಳೀಬೇಡಿ ಅಂತಲ್ಲ. ಓಡಿಸಿ ಬಂದಮೇಲೆ ತೊಳೀರಿ. ಸಮುದ್ರದ ಕಡೆಯಿಂದ ಬಂದರಂತೂ ಬಿಡಲೇಬೇಡಿ, ಉಪ್ಪು ತಗಡನ್ನ ತಿಂದುಬಿಡುತ್ತೆ. ಮೆತ್ತನೆ ಬಟ್ಟೆ, ಸೋಪಿನ ನೀರು, ಅಷ್ಟೇ ಸಾಕು. ಅಂಟನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಬಿರುಕು ಬಿಟ್ಟಿದ್ದರೆ ಕರೀರಿ. ಆ ನಾರನ್ನ ಮಾತ್ರ ದಯವಿಟ್ಟು ಒಲೆಗೆ ಹಾಕಿ."

ವ್ಯಾಪಾರಿ ತಲೆಯಾಡಿಸಿದ. ನಾರನ್ನು ಒಲೆಗೆ ಹಾಕಲಿಲ್ಲ. ಸೀಟಿನ ಕೆಳಗೆ ಇಟ್ಟುಕೊಂಡ.

ಇಲ್ಲಿಗೆ ಸೋಮಲಿಂಗ ನಕ್ಕ. ನಕ್ಕದ್ದು ಸರಿಯೋ ತಪ್ಪೋ ಎಂದು ಗುರುಗಳ ಮುಖ ನೋಡಿದ. ಗುರುಗಳು ಒಂದು ಜೊಳ್ಳು ಕಡಲೆಕಾಯಿ ಎಸೆದು ಮುಂದುವರಿಸಿದರು.

ಹಾಸಿಗೆ ಒಣಗಿತು. ಅಂಟು ಒಣಗಿತು. ಅದರ ಮೇಲೆ ಐದಾರು ಶುಕ್ರವಾರ ಕಳೆದವು. ಒಂದು ಶುಕ್ರವಾರ ಹಿಂದಿನ ದೀಪ ಮಂಕಾಗಿತ್ತು, ಇನ್ನೊಂದು ಶುಕ್ರವಾರ ನಂಬರ್ ಪ್ಲೇಟಿನ ಎಂಟು ಮಂಕಾಗಿತ್ತು. ಮೇ ತಿಂಗಳ ಕೊನೆಯ ಶುಕ್ರವಾರ ಬಂತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಇನ್ನೊಂದು ವಾರ ಕಳೆದರೆ ಸಮುದ್ರಕ್ಕೆ ಇಳಿಯುವಂತಿಲ್ಲವೆಂದು ಹೆಂಡತಿಗೆ ಗೊತ್ತಿತ್ತು. ಅಂದು ಅವಳು ಚಕ್ಕುಲಿ ಡಬ್ಬ, ಎರಡು ಸೀರೆ, ಬುತ್ತಿ, ಎಲ್ಲವನ್ನೂ ಮೊದಲೇ ಗಾಡಿಯೊಳಗೆ ಇಟ್ಟಿದ್ದಳು. ಹಾರ ಹಾಕಿದ್ದಾಯಿತು. ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಿದ್ದಾಯಿತು. ವ್ಯಾಪಾರಿ ಬಾಗಿಲ ಬಳಿ ನಿಂತು ಬೀಗದ ಕೈ ತೆಗೆದ.

ಆಗ ಒಂದು ಕಾಗೆ ಬಂದು ಚಾವಣಿಯ ಮೇಲೆ ಕೂತಿತು. ಕೂತು, ಮಾಡುವುದನ್ನು ಮಾಡಿ ಹಾರಿಹೋಯಿತು.

"ಒಂದೇ ನಿಮಿಷ" ಎಂದು ವ್ಯಾಪಾರಿ ಬೀಗದ ಕೈಯನ್ನು ಹೆಂಡತಿಗೆ ಕೊಟ್ಟ. ಸೀಟಿನ ಕೆಳಗಿನ ನಾರು ತೆಗೆದ, ಬಕೆಟ್ಟು ಹಿಡಿದು ಏಣಿ ಹತ್ತಿದ. ಕಾಗೆಯ ಕಾಣಿಕೆ ಕ್ಯಾರಿಯರಿನ ಕಂಬಿಗಳ ನಡುವೆ ಬಿದ್ದಿತ್ತು. ಅವನು ಕಂಬಿಗಳೊಳಗೆ ಇಳಿದು ಮಂಡಿಯೂರಿದ. ಬಟ್ಟೆ ಅದ್ದಿದ.

ಕೆಳಗೆ ಇಂಜಿನ್ನಿನ ಸದ್ದಾಯಿತು.

"ಏನೇ ಅದು?" ಎಂದು ಕೂಗಿದ.

ಚಾಲಕನ ಕಿಟಕಿಯಿಂದ ಹೆಂಡತಿಯ ತಲೆ ಹೊರಬಂತು.

"ನನ್ನ ಮನೇಲಿ ಪಾತ್ರೆ ತೊಳೆಯೋದು ಉಂಡಮೇಲೆ. ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ."

ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಒಟ್ಟಿಗೆ ಚಿಟಕ್ಕೆಂದವು.

ಗಾಡಿ ಹೊರಟಿತು. ವೇಗವೇನಿಲ್ಲ, ಜೊತೆಯಲ್ಲಿ ಒಂದು ಎಮ್ಮೆ ನಡೆದಿದ್ದರೆ ಅದೇ ಮುಂದಾಗುತ್ತಿತ್ತು. ಆದರೂ ವ್ಯಾಪಾರಿ ಎರಡು ಕೈಯಲ್ಲೂ ಕಂಬಿ ಹಿಡಿದುಕೊಂಡ. ಬಕೆಟ್ಟು ಉರುಳಿತು. ನೀರೆಲ್ಲ ಚಾವಣಿಯ ಮೇಲೆ ಹರಿದು, ಕಾಗೆಯದನ್ನೂ ಕರೆದುಕೊಂಡು ಕೆಳಗಿಳಿಯಿತು. ಬಿಳಿಯ ಬದಿಯ ಮೇಲೆ ಉದ್ದಕ್ಕೆ ಒಂದು ಗೆರೆ ಮೂಡಿತು. ಅವನು ಅದನ್ನು ಕಣ್ಣಾರೆ ಕಂಡ. ಏನೂ ಮಾಡುವಂತಿರಲಿಲ್ಲ.

ಪಕ್ಕದ ಮನೆಯಾಕೆ ಹೊರಗೆ ಬಂದು ಎರಡು ಕೈ ಎತ್ತಿ ಮುಗಿದಳು. ಮುಗಿದದ್ದು ಯಾರಿಗೆಂದು ಹೇಳುವುದು ಕಷ್ಟ. ಗಾಡಿ ಪೇಟೆಬೀದಿಗೆ ತಿರುಗಿತು. ಅಂಗಡಿಯ ಮುಂದೆ ತಮ್ಮ ನಿಂತಿದ್ದ, ಕೈಯಲ್ಲೊಂದು ಚೊಂಬು.

"ಏನಣ್ಣಾ, ಮೆರವಣಿಗೆನಾ?" ಎಂದು ಕೂಗಿದ.

"ಸಮುದ್ರಕ್ಕೆ!" ಎಂದು ವ್ಯಾಪಾರಿ ಮೇಲಿನಿಂದ ಕೂಗಿದ. ಹಾಗೆ ಕೂಗಿದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು.

ಬೀದಿಯ ಕೊನೆಯಲ್ಲಿ ಒಂದು ಹೊಂಗೆಮರವಿತ್ತು. ಅದರ ಕೊಂಬೆ ಚಾವಣಿಯನ್ನು ಸವರಿತು. ಹೂವು, ಎಲೆ, ಧೂಳು, ಎರಡು ಇರುವೆ, ಎಲ್ಲ ಅವನ ತಲೆಯ ಮೇಲೂ ತಗಡಿನ ಮೇಲೂ ಸುರಿದವು. ಅವನ ಕೈ ಅಭ್ಯಾಸದಂತೆ ಒರೆಸಲು ಹೋಯಿತು. ಕಂಬಿ ಬಿಟ್ಟರೆ ಬೀಳುವ ಭಯಕ್ಕೆ ಹಿಂದೆ ಬಂತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನು ಕೊಳೆಯನ್ನು ನೋಡಿ ಸುಮ್ಮನೆ ಕೂತ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಮೇಲಿನಿಂದ ಊರು ಬೇರೆಯಾಗಿ ಕಾಣುತ್ತಿತ್ತು. ತನ್ನ ಅಂಗಡಿಯ ಬೋರ್ಡಿನ ನೆತ್ತಿಯ ಮೇಲೆ ಗೇಣುದ್ದ ಧೂಳು ಕೂತಿರುವುದು ಅವನಿಗೆ ಅಂದು ಗೊತ್ತಾಯಿತು. ನಗು ಬಂತು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಹೊಟ್ಟೆ ಹಿಡಿದುಕೊಳ್ಳುವಷ್ಟು ಬಂತು.

ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಂತಿತು.

"ಕೆಳಗೆ ಬರ್ತೀರೋ, ಸಮುದ್ರದವರೆಗೂ ಅಲ್ಲೇ ಇರ್ತೀರೋ?" ಎಂದಳು ಹೆಂಡತಿ.

"ನಿನಗೆ ಗಾಡಿ ಬಿಡೋಕೆ ಯಾವಾಗ ಬಂತು?"

"ನೀವು ಬಾಗಿಲು ಉಜ್ಜುತ್ತಿದ್ದಾಗ ಕ್ಲಚ್ಚು ಕಲಿತೆ. ಗಾಜು ಒರೆಸುತ್ತಿದ್ದಾಗ ರಿವರ್ಸು. ಚಾವಣಿ ಕೆರೆಯುತ್ತಿದ್ದಾಗ ಲೈಸೆನ್ಸು ಬಂತು. ಕಾಗೆ ಬರದಿದ್ದರೂ ಇವತ್ತು ಹೊರಡುತ್ತಿದ್ದೆ ಬಿಡಿ. ನೀವು ಕೆಳಗಿರ್ತಿದ್ದಿರಿ, ಅಷ್ಟೇ ವ್ಯತ್ಯಾಸ."

ವ್ಯಾಪಾರಿ ಇಳಿದು ಬಂದು ಅವಳ ಪಕ್ಕದಲ್ಲಿ ಕೂತ. ತಲೆಯಲ್ಲಿ ಹೊಂಗೆಹೂವು ಹಾಗೇ ಇತ್ತು.

ಸಂಜೆಗೆ ಮುಂಚೆ ಸಮುದ್ರ ಸಿಕ್ಕಿತು. ಹೆಂಡತಿ ಸೀರೆಯನ್ನು ಮಂಡಿಯವರೆಗೆ ಎತ್ತಿ ಹಿಡಿದು ನೀರಿಗೆ ಇಳಿದಳು. ಒಂದು ಅಲೆ ಬಂದು ಸೊಂಟದವರೆಗೆ ನೆನೆಸಿತು. ಅವಳು ಬೊಗಸೆಯಲ್ಲಿ ನೀರು ತುಂಬಿ ಬಾಯಿಗೆ ಹಾಕಿಕೊಂಡು, ಯಾರೋ ಇಷ್ಟು ದಿನ ತನ್ನಿಂದ ಮುಚ್ಚಿಟ್ಟಿದ್ದರೆಂಬಂತೆ ಕೂಗಿದಳು.

"ರೀ, ನಿಜವಾಗ್ಲೂ ಉಪ್ಪು!"

ಆರು ದಿನ ಅವರು ಅಲ್ಲಿದ್ದರು. ಏಳನೆಯ ದಿನ ಹಿಂದಿರುಗುವಾಗ ಘಾಟಿಯಲ್ಲಿ ಮಳೆಗಾಲದ ಮೊದಲ ಮಳೆ ಹಿಡಿಯಿತು. ಗಾಡಿಯನ್ನು ಬದಿಗೆ ನಿಲ್ಲಿಸಿ ಒಳಗೆ ಕೂತು ಉಳಿದ ಚಕ್ಕುಲಿ ತಿಂದರು. ಚಾವಣಿಯ ಮೇಲೆ ಮಳೆ ತಮಟೆ ಬಾರಿಸಿತು. ವ್ಯಾಪಾರಿ ಒಳಗಿನಿಂದ ಒಂದೊಂದು ಸಂದಿಗೂ ಬೆರಳಿಟ್ಟು ನೋಡಿದ. ಬೆರಳಿಗೆ ಒದ್ದೆ ಹತ್ತಲಿಲ್ಲ. ಮೇಲೆ ಕಪ್ಪು ಗೆರೆಗಳು ತಮ್ಮ ಕೆಲಸ ಮಾಡುತ್ತಿದ್ದವು.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಮಳೆ ಬಿಟ್ಟಿತ್ತು. ವ್ಯಾಪಾರಿ ಬಕೆಟ್ಟಿನಲ್ಲಿ ಸೋಪಿನ ನೀರು ಮಾಡಿಕೊಂಡು ಏಣಿ ಹತ್ತಿದ. ನಾರು ಒಲೆಗೆ ಹೋಗಿತ್ತು. ಮೆತ್ತನೆಯ ಬಟ್ಟೆಯಲ್ಲಿ ಚಾವಣಿಯನ್ನೂ ಬದಿಯ ಮೇಲಿನ ಗೆರೆಯನ್ನೂ ಒರೆಸಿದ, ಅಂಟಿನ ಗೆರೆಗಳನ್ನು ಹೆಬ್ಬೆರಳಲ್ಲಿ ಒತ್ತಿ ಒತ್ತಿ ನೋಡಿದ, ಬಟ್ಟೆಯನ್ನು ಬಕೆಟ್ಟಿಗೆ ಅದ್ದಿ ಹಿಂಡಿದ. ನೀರು ಕಪ್ಪಗಾಯಿತು. ಇಷ್ಟು ತಿಂಗಳು ತೊಳೆದವನು ಅಂಥ ನೀರನ್ನು ಕಂಡಿರಲಿಲ್ಲ.

"ಇವಳೇ, ಬಾರೇ ಇಲ್ಲಿ!" ಎಂದು ಕೂಗಿದ.

ಹೆಂಡತಿ ಹೆದರಿ ಓಡಿಬಂದಳು. ಅವನು ಏಣಿಯಿಂದ ಬಕೆಟ್ಟು ಇಳಿಸಿ ಅವಳ ಮುಂದೆ ಇಟ್ಟ. ಹಬ್ಬಕ್ಕೆ ಹೊಸ ಪಾತ್ರೆ ತೋರಿಸುವವನ ಹಾಗೆ ಒಂದೊಂದಾಗಿ ತೋರಿಸಿದ.

"ಈ ಕೆಂಪು ಘಾಟಿಯ ಮಣ್ಣು. ಈ ಮರಳು ಅಲೆ ನಿನ್ನನ್ನ ನೆನೆಸಿತಲ್ಲ, ಆ ಜಾಗದ್ದು. ಇದು ಹೊಂಗೆಹೂವು. ಈ ರೆಕ್ಕೆ ಯಾವ ಹುಳದ್ದೋ ಗೊತ್ತಿಲ್ಲ."

ಹೆಂಡತಿ ಬಗ್ಗಿ ನೋಡಿದಳು. "ಇದು ಕಾಗೆಯದು" ಎಂದಳು.

ಇಬ್ಬರೂ ಬೀದಿಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದು ಮಧ್ಯಾಹ್ನ ಉಂಡ ತಟ್ಟೆಗಳನ್ನು ವ್ಯಾಪಾರಿ ತೊಳೆದ. ಚೆನ್ನಾಗಿಯೇ ತೊಳೆದನಂತೆ.

ಗುರುಗಳು ಸುಲಿದ ಬೀಜಗಳನ್ನು ಒಂದು ಕಡೆ, ಸಿಪ್ಪೆಯನ್ನು ಒಂದು ಕಡೆ ಮಾಡಿದರು. ಸೋಮಲಿಂಗನ ಮುಂದಿನ ಕಡಲೆಕಾಯಿ ಹಾಗೇ ಇತ್ತು. ಹೊರಗೆ, ಗಡಿಯ ಕಡೆ ಹೋಗುವ ಹತ್ತೂವರೆಯ ಬಸ್ಸು ಬಂದು ನಿಂತ ಸದ್ದು ಕೇಳಿಸಿತು. ಆ ಬಸ್ಸು ಮಠದ ಮುಂದೆ ಐದು ನಿಮಿಷ ನಿಲ್ಲುತ್ತದೆ. ಕಂಡಕ್ಟರು ಟೀ ಕುಡಿಯುತ್ತಾನೆ.

"ಹಾಗಾದರೆ ಗುರುಗಳೇ, ತೊಳೆಯುವುದೇ ಬೇಡವೆಂದು ಅರ್ಥವೇ?" ಎಂದು ಸೋಮಲಿಂಗ ಕೇಳಿದ.

ಗುರುಗಳು ಒಂದು ಬೀಜ ಬಾಯಿಗೆ ಹಾಕಿಕೊಂಡರು.

"ನಾಲ್ಕು ವರ್ಷದಿಂದ ತೊಳೆಯುತ್ತಿದ್ದೀಯಲ್ಲ, ನಿನ್ನ ಬಕೆಟ್ಟಿನ ನೀರು ಯಾವ ಬಣ್ಣ?"

ಸೋಮಲಿಂಗ ಎದ್ದು ಚೀಲ ಹುಡುಕಿದ.